ಮೂರನೆಯ ಒಲ್ಲೆ

ನಾಲಗೆಯ ತುದಿಗೆ ಬಂದೂ ಬಾರದೆ ಸತಾಯಿಸುವ ಶಬ್ದವನ್ನು ಯಂತ್ರವೊಂದು ನಮಗಿಂತ ಮೊದಲೇ ಊಹಿಸಿ ಕಿವಿಯಲ್ಲಿ ಉಸುರಿದರೆ ಹೇಗಿದ್ದೀತು? ಈ ಪ್ರಶ್ನೆ ನೀಲಗಂಗಾ ಹಟಗಾರಳಿಗೆ ಹೊಳೆದದ್ದು ಧಾರವಾಡದ ತನ್ನ ಪ್ರಯೋಗಾಲಯದಲ್ಲಲ್ಲ, ಆಸ್ಪತ್ರೆಯ ಮಂಚದ ಪಕ್ಕದ ಸ್ಟೂಲಿನ ಮೇಲೆ. ಮಂಚದ ಮೇಲಿದ್ದವರು ಅವಳ ಅಪ್ಪ ಮಹಾರುದ್ರಪ್ಪ ಹಟಗಾರರು. ಐದು ಸಲ ಹಿರೇಸಂಕದಿಂದ ಗೆದ್ದ ಶಾಸಕರು, ಎರಡು ಪಕ್ಷಗಳನ್ನು ಹೊಕ್ಕು ಹೊರಬಂದು ಈಗ ಯಾವ ಪಕ್ಷಕ್ಕೂ ಸೇರದವರು. ಅವರು ಎದ್ದು ನಿಂತರೆ ಮಂತ್ರಿಗಳು ಕಡತ ಹುಡುಕುತ್ತಿದ್ದರು, ಸಭಾಧ್ಯಕ್ಷರು ಲೋಟ ಎತ್ತಿ ನೀರು ಕುಡಿಯುತ್ತಿದ್ದರು. ಅಂಥ ಮನುಷ್ಯನಿಗೆ ಪಾರ್ಶ್ವವಾಯು ಬಡಿದು, ಕೈಕಾಲುಗಳನ್ನು ಉಳಿಸಿ, ಶಬ್ದಗಳನ್ನಷ್ಟೇ ಹೊತ್ತುಕೊಂಡು ಹೋಗಿತ್ತು.

ತಿಳಿವಳಿಕೆಗೆ ಏನೂ ಕುಂದಿರಲಿಲ್ಲ. ಪೇಪರು ಓದಿಸಿ ಕೇಳುತ್ತಿದ್ದರು, ತಪ್ಪು ಸುದ್ದಿ ಬಂದರೆ ತಲೆ ಕೊಡವುತ್ತಿದ್ದರು. ಬಾಯಿ ತೆರೆದರೆ ಮಾತ್ರ ಹೆಸರುಗಳು ಬರುತ್ತಿರಲಿಲ್ಲ. ನೀರು ಬೇಕಾದರೂ ‘ಅದು’, ಕಣ್ಣಿಗೆ ಚಾಳೀಸು ಬೇಕಾದರೂ ‘ಅದು’. ಒಬ್ಬಳೇ ಮಗಳು ಎದುರಿಗೆ ಬಂದು ನಿಂತಾಗ ಅವಳ ಮುಖವನ್ನೇ ನೋಡಿ, ತುಟಿ ಅಲುಗಿಸಿ, ಬೆವತು, ಕೊನೆಗೆ “ಅದು… ಅದು…” ಎಂದು ಕಣ್ಣು ಒರೆಸಿಕೊಂಡರು. ನೀಲಗಂಗಾ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ಅತ್ತು ಮುಗಿಸಿದ ಮೇಲೆ ಕೆಲಸಕ್ಕೆ ಕೂತಳು.

ಅವಳ ಕಸುಬೇ ಮಾತಿನದು. ಜನ ಹೇಗೆ ಮಾತಾಡುತ್ತಾರೆ, ಎಲ್ಲಿ ತಡವರಿಸುತ್ತಾರೆ ಎಂಬುದನ್ನು ಅಳೆಯುವ ಭಾಷಾವಿಜ್ಞಾನ. ಜೊತೆಗೆ ಸವಣೂರಿನ ಇಮ್ತಿಯಾಜ್ ಮುಲ್ಲಾ ಇದ್ದ. ಗಣಕದ ಕೆಲಸವೆಲ್ಲ ಅವನದು. ಇಬ್ಬರೂ ಸೇರಿ ಎರಡು ವರ್ಷದಲ್ಲಿ ಮಾಡಿದ ಯಂತ್ರಕ್ಕೆ ‘ಮಾತುಗೋಲು’ ಎಂದು ಹೆಸರಿಟ್ಟರು. ಕಾಲಿಗೆ ಊರುಗೋಲು ಇದ್ದ ಹಾಗೆ ಮಾತಿಗೊಂದು ಕೋಲು. ಕಿವಿಯ ಹಿಂದೆ ಎಲುಬಿಗೆ ಅಂಟಿ ಕೂರುವ ಹುಣಸೆಬೀಜದಷ್ಟು ಗುಂಡಿ, ಗಂಟಲ ಮೇಲೆ ಕಾಣದಷ್ಟು ತೆಳುವಾದ ಪಟ್ಟಿ. ಮಾತು ತಡವರಿಸಿದಾಗ ಗಂಟಲ ಸ್ನಾಯುಗಳು ಒಂದು ಬಗೆಯಲ್ಲಿ ಬಿಗಿಯುತ್ತವೆ. ಪಟ್ಟಿ ಅದನ್ನು ಹಿಡಿದು ದೂರದ ಗಣಕಕ್ಕೆ ತಿಳಿಸುತ್ತದೆ. ಗಣಕ ಮುಂದೆ ಬರಬಹುದಾದ ಶಬ್ದಗಳನ್ನೆಲ್ಲ ತೂಗಿ, ಹೆಚ್ಚು ತೂಗಿದ್ದನ್ನು ಗುಂಡಿಯ ಮೂಲಕ ಎಲುಬಿಗೆ ಉಸುರುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಆಡುವವನಿಗೆ ಅದು ಯಾರೋ ಹೇಳಿಕೊಟ್ಟಂತೆ ಅನ್ನಿಸುವುದಿಲ್ಲ, ತನಗೇ ನೆನಪಾದಂತೆ ಅನ್ನಿಸುತ್ತದೆ. ಹೊಳೆದ ಮಾತನ್ನು ಯಾರು ತಾನೇ ಅನುಮಾನಿಸುತ್ತಾರೆ?

ಯಂತ್ರ ಹೀಗೆ ತೂಗುವುದನ್ನು ಕಲಿಯಬೇಕಾದರೆ ಆ ಮನುಷ್ಯನ ಮಾತು ರಾಶಿಗಟ್ಟಲೆ ಬೇಕು. ಅದೃಷ್ಟಕ್ಕೆ ಅದು ಇತ್ತು. ಅಪ್ಪನಿಗೆ ಆರೋಗ್ಯ ಕೆಡುವ ಮುಂಚೆ ನೀಲಗಂಗಾ ತನ್ನ ಸಂಶೋಧನೆಗಾಗಿ ಮನೆಯ ಊಟದ ಪಡಸಾಲೆಯಲ್ಲಿ ಒಂದು ವರ್ಷ ಮೈಕು ತೂಗುಬಿಟ್ಟಿದ್ದಳು. ಮಹಾರುದ್ರಪ್ಪ ಊಟದ ಹೊತ್ತಿನಲ್ಲಷ್ಟೇ ಸಲೀಸಾಗಿ ಮಾತಾಡುವವರು. ಕ್ಷೇತ್ರದಿಂದ ಬಂದವರು, ಹೊಸ ಪಕ್ಷಕ್ಕೆ ಕರೆಯಲು ಬಂದವರು, ಹಳೆ ಪಕ್ಷದಿಂದ ಬೈಯಲು ಬಂದವರು, ಎಲ್ಲರಿಗೂ ಅಲ್ಲೇ ತಾಟು. ಆ ವರ್ಷದ ಮಾತೆಲ್ಲ ಯಂತ್ರದ ಅಡಿಪಾಯವಾಯಿತು.

ಇಷ್ಟಕ್ಕೆಲ್ಲ ಬೇಕಾದ ದೊಡ್ಡ ಗಣಕಗಳನ್ನು ಒದಗಿಸಿದ್ದು ‘ಸೇತು ಒಕ್ಕೂಟ’. ಏಳು ಬ್ಯಾಂಕುಗಳು, ನಾಲ್ಕು ಕಂಪನಿಗಳು ಕೂಡಿ ಕಟ್ಟಿಕೊಂಡ ಸಂಸ್ಥೆ. ಸಮಾಜಸೇವೆ ಎಂದರು. ಯಂತ್ರ, ಧ್ವನಿಮುದ್ರಣ, ಅದರಿಂದ ಕಲಿತದ್ದು ಎಲ್ಲವೂ ಸೇತುವಿನ ಸುಪರ್ದಿಗೆ ಎಂಬ ಒಪ್ಪಂದಕ್ಕೆ ನೀಲಗಂಗಾ ಸಹಿ ಹಾಕಿದಳು. ಅಪ್ಪನ ಬಾಯಿ ಮರಳಿ ಬರುತ್ತದೆ ಎಂದರೆ ಅವಳು ಯಾವುದಕ್ಕೂ ಸಹಿ ಹಾಕುತ್ತಿದ್ದಳು.

ಬಾಯಿ ಮರಳಿ ಬಂತು. ಗುಂಡಿ ಅಂಟಿಸಿದ ದಿನ ಮಹಾರುದ್ರಪ್ಪ ಮಗಳನ್ನು ದಿಟ್ಟಿಸಿ, ಒಂದು ಗಳಿಗೆ ತಡೆದು, “ನೀಲವ್ವಾ” ಎಂದರು. ಆಮೇಲೆ ನಿಲ್ಲಿಸಲೇ ಇಲ್ಲ.

ಮುಂದಿನ ಅಧಿವೇಶನದಲ್ಲಿ ಅವರು ಮುಂಚಿನ ಹಾಗೆ ಗುಡುಗಿದ್ದನ್ನು ಕಂಡು ಉಳಿದ ಶಾಸಕರಿಗೆ ಹೊಟ್ಟೆಕಿಚ್ಚಾಯಿತು. ರೋಗವಿಲ್ಲದವರೂ ತಡವರಿಸುತ್ತಾರಲ್ಲ! ನಮಗೂ ಒಂದು ಕೋಲು ಬೇಕು ಎಂದರು. ಅದೇ ಅಡಿಪಾಯದ ಮೇಲೆ ಅವರವರ ಸದನದ ಭಾಷಣಗಳನ್ನು ಸೇರಿಸಿ ಸೇತು ಒಕ್ಕೂಟ ಸಂತೋಷದಿಂದ ಕೊಟ್ಟಿತು, ಪಕ್ಷಭೇದವಿಲ್ಲದೆ. ಆಳುವವರಿಗೂ ಕೊಟ್ಟಿತು, ವಿರೋಧಿಗಳಿಗೂ ಕೊಟ್ಟಿತು, ಪಕ್ಷ ಬಿಡಲು ತುದಿಗಾಲಲ್ಲಿ ನಿಂತವರಿಗೆ ಮೊದಲು ಕೊಟ್ಟಿತು. ಮಾತು ಕಳೆದುಕೊಂಡ ಬಡ ರೋಗಿಗಳಿಗೆ ಆಸ್ಪತ್ರೆಗಳ ಮೂಲಕ ಹಂಚುವ ಯೋಜನೆ ಮಾತ್ರ ಪ್ರತಿ ಸಲವೂ ‘ಮುಂದಿನ ವರ್ಷ’ದಲ್ಲೇ ಉಳಿಯಿತು.

ಸೇತುವಿನ ಪರವಾಗಿ ಯೋಜನೆ ನೋಡಿಕೊಳ್ಳುತ್ತಿದ್ದವಳು ಚಿತ್ಕಲಾ. ಮೈಸೂರಿನವಳು, ನಗುಮೊಗದವಳು, ಯಾರ ಹೆಸರನ್ನೂ ಮರೆಯದವಳು. ಒಮ್ಮೆ ಧಾರವಾಡಕ್ಕೆ ಬಂದಾಗ ಹಟಗಾರರ ಮನೆಯಲ್ಲೇ ಊಟವಾಯಿತು. ನೀಲಗಂಗಾಳ ತಾಯಿ ಬಸಲಿಂಗವ್ವ ಬಡಿಸಲು ನಿಂತರೆ ಅದೊಂದು ದಾಳಿಯೇ.

“ಸಾಕು ಅಮ್ಮಾ, ಬೇಡ,” ಎಂದಳು ಚಿತ್ಕಲಾ. ತಾಟಿಗೆ ಒಂದು ಹೋಳಿಗೆ ಬಿತ್ತು. “ಅಯ್ಯೋ, ನಿಜವಾಗ್ಲೂ ಬೇಡ!” ಇನ್ನೊಂದು ಬಿತ್ತು, ಮೇಲೆ ತುಪ್ಪವೂ ಬಿತ್ತು.

“ಇಲ್ಲಿ ಬೇಡ ಅಂದ್ರೆ ಯಾರೂ ಕೇಳೋದೇ ಇಲ್ವಾ?” ಎಂದು ಚಿತ್ಕಲಾ ನಗುತ್ತಾ ಕೇಳಿದಳು.

“ಮೊದಲನೇ ಒಲ್ಲೆ ಮರ್ಯಾದಿಗೆ ಅಂತಾರ್ರಿ,” ಎಂದರು ಮಹಾರುದ್ರಪ್ಪ. “ಎರಡನೇದು ನಾಚಿಕಿಗೆ. ಮೂರನೇದು ಖರೇ ಒಲ್ಲೆ.”

“ಮೂರನೇದು ಅಂತ ಹೇಗೆ ಗೊತ್ತಾಗತ್ತೆ?”

ಅವರು ಉತ್ತರ ಹೇಳುವಷ್ಟರಲ್ಲಿ ಬಸಲಿಂಗವ್ವ ಅನ್ನದ ಬುಟ್ಟಿ ತಂದರು. ಮಹಾರುದ್ರಪ್ಪ ಮಾತು ನಿಲ್ಲಿಸಿ ತಾಟಿನ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಬಸಲಿಂಗವ್ವ ಅಲ್ಲಿಂದ ಮುಂದೆ ಸರಿದರು. ಮಾತು ಬೇರೆ ಕಡೆಗೆ ಹೊರಳಿತು.

*

ಆ ಚಳಿಗಾಲದ ಅಧಿವೇಶನ ಬೆಳಗಾವಿಯಲ್ಲಿ ಸೇರಿದಾಗ ಎಲ್ಲರ ಬಾಯಲ್ಲೂ ಒಂದೇ ವಿಷಯ, ಪತ್ತಿನ ಸಹಕಾರಿ ಸಂಘಗಳ ಏಕೀಕರಣ ವಿಧೇಯಕ. ಊರೂರಲ್ಲಿ ಜನರೇ ಕಟ್ಟಿಕೊಂಡ ಸಣ್ಣ ಸಣ್ಣ ಸಂಘಗಳನ್ನೆಲ್ಲ ಒಂದೇ ಆಡಳಿತದ ಕೆಳಗೆ ತಂದು, ಆ ಆಡಳಿತವನ್ನು ಸೇತು ಒಕ್ಕೂಟಕ್ಕೆ ವಹಿಸುವುದು ಅದರ ಸಾರಾಂಶ. ಮಹಾರುದ್ರಪ್ಪನವರಿಗೆ ಇದು ಕರುಳಿಗೆ ಕೈ ಹಾಕಿದಂಥ ವಿಷಯ. ಮಗ್ಗವನ್ನು ಯಾವ ಬ್ಯಾಂಕೂ ಆಧಾರ ಎಂದು ಒಪ್ಪದ ಕಾಲದಲ್ಲಿ, ನೇಕಾರನ ಮಾತೇ ಆಧಾರ ಎಂದು ಹಿರೇಸಂಕದಲ್ಲಿ ಅವರು ಪತ್ತಿನ ಸಂಘ ಕಟ್ಟಿದ್ದರು. ರಾಜಕೀಯಕ್ಕೆ ಬಂದದ್ದು ಆಮೇಲೆ.

ಸೌಧದ ನೆಲಮಾಳಿಗೆಯಲ್ಲಿ ಮಾತುಗೋಲಿನ ನಿಯಂತ್ರಣ ಕೊಠಡಿ. ಪರದೆಗಳ ಮೇಲೆ ಯಾರ ಯಂತ್ರ ನಡೆಯುತ್ತಿದೆ, ಯಾರದು ನಿಂತಿದೆ ಎಂಬ ಹಸಿರು ಕೆಂಪು ಚುಕ್ಕೆಗಳಷ್ಟೇ ಕಾಣುತ್ತಿದ್ದವು. ಏನು ಉಸುರುತ್ತಿದೆ ಎಂಬುದು ಕಾಣುತ್ತಿರಲಿಲ್ಲ. ಸದನದ ಮಾತು ಗೋಡೆಯ ಸ್ಪೀಕರಿನಿಂದ ಬರುತ್ತಿತ್ತು. ಇಮ್ತಿಯಾಜ್ ಬೆಳಗಾವಿಯ ಕುಂದಾ ತಿನ್ನುತ್ತಾ ಚುಕ್ಕೆ ನೋಡುತ್ತಿದ್ದ, ನೀಲಗಂಗಾ ಕಿವಿಗೊಟ್ಟು ಕೂತಿದ್ದಳು.

ವಿರೋಧ ಪಕ್ಷದ ನಾಯಕ ಚಿಕ್ಕಮರೀಗೌಡರು ಎದ್ದರು. ಮದ್ದೂರು ಕಡೆಯವರು, ಮೇಜು ಕುಟ್ಟಿ ಮಾತಾಡುವವರು.

“ಈ ಇದೇಯ್ಕಾನ ನಾವು ಒಪ್ಪಕಿಲ್ಲ! ಸುತರಾಂ ಒಪ್ಪಕಿಲ್ಲ! ಹಳ್ಳಿ ಸೊಸೈಟಿ ತಕ್ಕೊಂಡೋಗಿ ಬ್ಯಾಂಕಿನೋರ ಬಾಯ್ಗೆ…” ಒಂದು ಗಳಿಗೆ ತಡವರಿಸಿದರು. “ಆತು, ಒಂದೀಟು ತಿದ್ದುಪಡಿ ಮಾಡಿ ತನ್ನಿ, ನೋಡವ.”

ನೀಲಗಂಗಾಳ ಕಿವಿ ನೆಟ್ಟಗಾಯಿತು. ಗೌಡರ ಕಡೆಯವರು ‘ಆಯ್ತು’ ಎನ್ನುತ್ತಾರೆ, ‘ಒಸಿ’ ಎನ್ನುತ್ತಾರೆ. ‘ಆತು, ಒಂದೀಟು’ ಅವರ ಬಾಯಿಗೆ ಎಲ್ಲಿಂದ ಬಂತು?

ಅರ್ಧ ತಾಸಿನಲ್ಲಿ ಆಳುವ ಪಕ್ಷದ ಬಂಡಾಯಗಾರ, ಕಡಲ ಕಡೆಯ ಶಾಸಕ, ಎದ್ದು ನಿಂತ. ಪುಸ್ತಕದಂಥ ಕನ್ನಡದಲ್ಲಿ, ಸ್ವಂತ ಸರಕಾರದ ವಿಧೇಯಕವನ್ನೇ ವಿರೋಧಿಸುತ್ತೇನೆ ಎಂದು ಅಬ್ಬರಿಸಿ, ತಡೆದು, “ಆತು, ಒಂದೀಟು ಕಾಲಾವಕಾಶ ಕೊಡಿ” ಎಂದು ಕೂತ. ಅವನ ಹಿಂದೆ ಎದ್ದವಳು ವಿರೋಧಿಸುತ್ತೇನೆ ಎಂದು ಶುರುಮಾಡಿ, ಇದ್ದಕ್ಕಿದ್ದಂತೆ ತನ್ನ ಊರಿನ ಬಸ್ ನಿಲ್ದಾಣದ ಬಗ್ಗೆ ಮಾತಾಡತೊಡಗಿದಳು.

ಇಮ್ತಿಯಾಜನ ಚಮಚ ಅರ್ಧಕ್ಕೇ ನಿಂತಿತ್ತು. “ನೀಲಕ್ಕಾ, ಇದು ನಿಮ್ಮನಿ ಪಡಸಾಲಿ ಮಾತಲ್ಲೇನ?”

“ಹೌದೋ,” ಎಂದಳು ನೀಲಗಂಗಾ. “ನಮ್ಮನಿ ಊಟಕ್ಕ ಬಂದವ್ರೆಲ್ಲಾ ಹಿಂಗ ಅಂತಿದ್ರು.”

*

ಧಾರವಾಡದ ಪ್ರಯೋಗಾಲಯದಲ್ಲಿ ಇಬ್ಬರೂ ಬಾಗಿಲು ಹಾಕಿಕೊಂಡು ಹಳೆಯ ಧ್ವನಿಮುದ್ರಣಗಳನ್ನು ಕೇಳಿದರು. ತಾಟಿನ ಸದ್ದು, ಅವ್ವನ ಬಳೆಯ ಸದ್ದು. “ಒಂದು ಚಪಾತಿ ಹಾಕ್ತೀನ್ರಿ.” “ಒಲ್ಲೆವ್ವಾ.” “ಏ ತಿನ್ರಿ.” “ಒಲ್ಲೆ ಅಂದ್ನೆಲ್ಲ… ಆತು, ಒಂದೀಟು ಹಾಕ್ರಿ.” ಹೀಗೇ ನೂರಾರು ಸಲ. ಯಾರು ಒಲ್ಲೆ ಎಂದರೂ ಅದರ ಬೆನ್ನಿಗೇ ‘ಆತು’. ಕೆಲವೊಮ್ಮೆ ಮಾತ್ರ ಒಲ್ಲೆಯ ನಂತರ ಏನೂ ಇಲ್ಲ. ಒಂದು ಮೌನ, ಆಮೇಲೆ ಬೇರೆಯೇ ವಿಷಯ.

“ಈ ಮೌನದಾಗ ಏನಾತು?” ಎಂದು ಕೇಳಿದ ಇಮ್ತಿಯಾಜ್.

ನೀಲಗಂಗಾ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಅಪ್ಪ ತಾಟಿನ ಮೇಲೆ ಕೈ ಅಡ್ಡ ಹಿಡಿದದ್ದು ಕಣ್ಣಿಗೆ ಕಟ್ಟಿತು. ಖರೇ ಒಲ್ಲೆ ಎಂಬುದು ಬಾಯಿಯಲ್ಲಿರಲಿಲ್ಲ, ಕೈಯಲ್ಲಿತ್ತು. ಮೈಕಿಗೆ ಕೈ ಕೇಳಿಸಿರಲಿಲ್ಲ. ಹಾಗಾಗಿ ಯಂತ್ರ ಕಲಿತದ್ದು ಇಷ್ಟು: ನಿರಾಕರಿಸಿದವನು ಮರುಗಳಿಗೆಯಲ್ಲಿ ಒಪ್ಪುತ್ತಾನೆ, ಇಲ್ಲವೇ ಮಾತು ಬದಲಿಸುತ್ತಾನೆ. ‘ಒಪ್ಪಕಿಲ್ಲ’ ಎಂದರೇನು, ‘ವಿರೋಧಿಸುತ್ತೇನೆ’ ಎಂದರೇನು, ಯಂತ್ರಕ್ಕೆ ಎಲ್ಲವೂ ಒಲ್ಲೆಯ ಬಳಗವೇ. ಒಂದು ಮನೆಯ ಉಪಚಾರವನ್ನು ಅದು ಇಡೀ ರಾಜ್ಯದ ಮನಸ್ಸು ಎಂದು ತಿಳಿದುಕೊಂಡಿತ್ತು. ಇಷ್ಟು ಸಾಮಾನ್ಯವಾದದ್ದು ಅವಳಿಗೆ ಮೊದಲೇ ಹೊಳೆಯಬೇಕಿತ್ತು. ಹುಟ್ಟಿದಾಗಿನಿಂದ ನೋಡಿದ್ದು ಯಾರಿಗೂ ಹೊಳೆಯುವುದಿಲ್ಲ.

“ಆದರ ಇಷ್ಟು ಜೋರಾಗಿ ಯಾಕ?” ಎಂದ ಇಮ್ತಿಯಾಜ್. “ಒಲ್ಲೆ ಆದ ಮ್ಯಾಲ ಆತು ಅನ್ನೂ ಈ ದಾರಿಯ ತೂಕ ಭಾಳ ಸಣ್ಣದಿತ್ತು, ನಾನ ಇಟ್ಟೀನಿ.” ಅವನು ಗಣಕದ ಒಳಗಿಳಿದು ಹುಡುಕಿದ. ಯಾರೋ ತೂಕ ಏರಿಸಿದ್ದರು. ಎಲ್ಲ ಮಾತಿಗೂ ಅಲ್ಲ. ಬ್ಯಾಂಕು, ಬಡ್ಡಿ, ಸಂಘ, ಠೇವಣಿ, ಇಂಥ ಮಾತು ಸುಳಿದಾಗ ಮಾತ್ರ.

ಚಿತ್ಕಲಾ ಹುಬ್ಬಳ್ಳಿಯ ಕಚೇರಿಯಲ್ಲಿ ಏನನ್ನೂ ಮುಚ್ಚಿಡಲಿಲ್ಲ. ಚಹ ತರಿಸಿದಳು.

“ನಾವು ಯಾರ ಬಾಯಿಗೂ ಒಂದು ಪದ ತುರುಕಿಲ್ಲ, ನೀಲಗಂಗಾ ಅವ್ರೇ. ನಿಮ್ಮ ಯಂತ್ರಕ್ಕೆ ಆ ಅಭ್ಯಾಸ ಮೊದಲಿಂದಾನೇ ಇತ್ತು. ನಿಮ್ಮ ಮನೇಲಿ ಊಟ ಮಾಡಿದ ದಿನ ನಂಗೆ ಅರ್ಥ ಆಯ್ತು. ಅದಕ್ಕೆ ಸ್ವಲ್ಪ ತೂಕ ಕೊಟ್ವಿ, ಅಷ್ಟೇ.”

“ಎರಡೂ ಕಡಿಯವ್ರಿಗೂ?”

“ಚುನಾವಣೆಗೆ ದೇಣಿಗೆ ಎರಡೂ ಕಡೆಗೆ ಕೊಡ್ತೀವಿ. ಇದರಲ್ಲಿ ಯಾಕೆ ಭೇದ ಮಾಡ್ಬೇಕು?” ಅವಳು ತಮಾಷೆ ಮಾಡುತ್ತಿರಲಿಲ್ಲ. “ಯಾರು ಗೆದ್ರೂ ನಮಗೆ ಬೇಜಾರಿಲ್ಲ. ಜನ ಸರಕಾರ ಬದಲಾಯಿಸ್ತಾನೇ ಇರ್ತಾರೆ. ಕೆಲಸ ನಿಲ್ಲಬಾರದು ನೋಡಿ.”

“ನಾ ಇದನ್ನ ಹೊರಗ ಹೇಳ್ತೀನ್ರಿ.”

“ಹೇಳಿ. ಒಪ್ಪಂದದ ಪ್ರಕಾರ ನಿಮ್ಮ ತಂದೆಯವರ ಧ್ವನಿಮುದ್ರಣ, ಅವರ ಶಬ್ದಗಳು ಎಲ್ಲಾ ನಮ್ಮ ಹತ್ರ ಇವೆ. ಅವತ್ತೇ ಅವರ ಯಂತ್ರ ನಿಂತುಹೋಗತ್ತೆ. ನಂಗೆ ಅದು ಇಷ್ಟ ಇಲ್ಲ, ನಿಜವಾಗ್ಲೂ ಇಷ್ಟ ಇಲ್ಲ.” ಚಿತ್ಕಲಾ ಮುಂದಕ್ಕೆ ಬಾಗಿದಳು. “ಇಲ್ಲಾ ಅಂದ್ರೆ ಒಂದು ಕೆಲಸ ಮಾಡೋಣ. ಅವರದ್ದೊಂದನ್ನ ಬೇರೆ ಮಾಡಿ ಸರಿಪಡಿಸಿಕೊಡ್ತೀವಿ. ಅವರೊಬ್ರು ವಿರೋಧಿಸಿದ್ರೆ ನಮಗೇನೂ ಆಗಲ್ಲ. ಜೀವನಪೂರ್ತಿ ಇಟ್ಕೊಳ್ಲಿ. ನೀವು ಸುಮ್ನಿದ್ರೆ ಸಾಕು.”

“ಒಲ್ಲೆ,” ಎಂದಳು ನೀಲಗಂಗಾ.

“ನಿಮ್ಮ ಕಡೆ ಮೊದಲನೇ ಒಲ್ಲೆ ಮರ್ಯಾದೆಗೆ ಅಲ್ವಾ?” ಎಂದು ನಕ್ಕಳು ಚಿತ್ಕಲಾ. “ಮತ ಹಾಕೋ ದಿನದ ತನಕ ಯೋಚನೆ ಮಾಡಿ. ಚಹ ಕುಡೀರಿ, ಆರಿಹೋಗತ್ತೆ.”

ನೀಲಗಂಗಾ ಚಹ ಮುಟ್ಟದೆ ಎದ್ದಳು. ಆದರೆ ಬಸ್ಸಿನಲ್ಲಿ ಧಾರವಾಡಕ್ಕೆ ಮರಳುವಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು, ಏಕೆಂದರೆ ಚಿತ್ಕಲಾಳ ಮಾತು ಅರ್ಧ ನಿಜವಾಗಿತ್ತು. ಅವಳ ಒಲ್ಲೆ ಗಟ್ಟಿಯಿರಲಿಲ್ಲ. ಅಪ್ಪ ಮತ್ತೆ ತನ್ನನ್ನು ‘ಅದು’ ಎನ್ನುವ ದಿನ ಅವಳಿಗೆ ಬೇಡವಾಗಿತ್ತು. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ? ಗೌಡರು ಒಂದೀಟು ಎಂದರೆ ತನಗೇನು? ಹೀಗೆಲ್ಲ ಯೋಚಿಸಿ ಇಳಿಯುವ ನಿಲ್ದಾಣವನ್ನೇ ದಾಟಿ ಹೋದಳು.

*

ಭಾನುವಾರ ಅಪ್ಪ ಬೆಳಗಾವಿಯಿಂದ ಮನೆಗೆ ಬಂದಿದ್ದರು. ಬಿಸಿಲಿಗೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ನೀಲಗಂಗಾ ಕಾಲಬಳಿ ಕೂತು ಎಲ್ಲವನ್ನೂ ಹೇಳಿದಳು. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು.

“ಹೊರಗ ಹೇಳಿದ್ರ ನಿನ್ನ ಕೋಲೂ ನಿಲ್ಲತೈತಿ ಅಪ್ಪಾ. ನಾ ಮತ್ತ ‘ಅದು’ ಆಗ್ತೀನಿ. ಸುಮ್ನಿದ್ರ ನಿನಗ ಜೀವ ಇರೂತನಾ ಮಾತು ಇರ್ತೈತಿ. ಏನ್ ಮಾಡ್ಲಿ ಹೇಳು.”

“ಸುಮ್ನಿರೂದು ಬ್ಯಾಡ,” ಎಂದರು ಮಹಾರುದ್ರಪ್ಪ ಥಟ್ಟನೆ. “ನಮ್ಮ ಸಂಘಾ ಅವ್ರ ಕೈಯಾಗ ಕೊಡೂದು ನಾ ಒಲ್ಲೆ. ಒಲ್ಲೆ ಅಂದ್ರ ಒಲ್ಲೆ…” ಗಂಟಲು ಬಿಗಿಯಿತು. “ಆತು, ಒಂದೀಟು ಸುಮ್ನಿರು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

“ಏನಂದಿ ಅಪ್ಪಾ?”

“ನಾ ಹಂಗ… ನಾ ಹಂಗ ಅನ್ನಲಿಲ್ಲ. ಸುಮ್ನಿರಬ್ಯಾಡ… ಆತು…” ತಮ್ಮ ಬಾಯನ್ನು ತಾವೇ ಕೈಯಿಂದ ಮುಚ್ಚಿಕೊಂಡರು. ಕಣ್ಣಲ್ಲಿ ಹೆದರಿಕೆ ಇತ್ತು. ಎಷ್ಟೋ ಪೊಲೀಸರನ್ನು, ಎಷ್ಟೋ ಮುಖ್ಯಮಂತ್ರಿಗಳನ್ನು ಎದುರಿಸಿದ ಮನುಷ್ಯ ತನ್ನ ನಾಲಗೆಗೆ ಹೆದರಿದ್ದನ್ನು ನೀಲಗಂಗಾ ಅಂದು ಮೊದಲ ಸಲ ಕಂಡಳು. ಮರುಗಳಿಗೆಯಲ್ಲೇ ಆ ಹೆದರಿಕೆ ಸಿಟ್ಟಾಯಿತು. ಗುಂಡಿಯನ್ನು ಕಿತ್ತು ಮಗಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ತಾವೇ ಮಡಚಿ ಮುಚ್ಚಿದರು.

“ಅದು,” ಎಂದರು, ಮುಚ್ಚಿದ ಮುಷ್ಟಿಯನ್ನು ತೋರಿಸಿ. ತಲೆ ಕೊಡವಿದರು.

ಅವಳು ಅತ್ತಳು. ಅವರು ಅವಳ ತಲೆ ನೇವರಿಸುತ್ತಾ ಕೂತರು.

ಮತದಾನದ ದಿನ ಬೆಳಿಗ್ಗೆ ಕಾರು ಹತ್ತುವ ಮುಂಚೆ ಅವರು ಕಿವಿಯ ಹಿಂದೆ ಬೆರಳಿಟ್ಟು ತೋರಿಸಿದರು. ಗುಂಡಿ ಮತ್ತೆ ಬೇಕಂತೆ. ನೀಲಗಂಗಾಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಮನಸ್ಸು ಬದಲಾಯಿತೇ? ಅಪ್ಪನ ಮುಖ ನೋಡಿದಳು. ಹಳೆಯ ದಿನಗಳಲ್ಲಿ ಸದನಕ್ಕೆ ಹೊರಡುವಾಗ ಇರುತ್ತಿದ್ದ ತುಂಟ ಮುಖ ಅದು. ಅವಳು ಏನೂ ಕೇಳದೆ ಅಂಟಿಸಿದಳು.

*

ನೀಲಗಂಗಾ ಅಂದು ನೆಲಮಾಳಿಗೆಗೆ ಹೋಗಲಿಲ್ಲ, ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತಳು. ಎರಡು ಸಾಲು ಮುಂದೆ ಚಿತ್ಕಲಾ ಇದ್ದಳು, ತಿರುಗಿ ನೋಡಿ ನಕ್ಕಳು. ಚರ್ಚೆ ಮುಗಿಯುತ್ತಾ ಬಂದಿತ್ತು. ಎರಡೂ ಕಡೆಯವರು ವಿರೋಧಿಸಿ, ಎರಡೂ ಕಡೆಯವರು ಒಂದೀಟು ಒಪ್ಪಿ, ಕೊನೆಗೆ ಉಳಿದಿದ್ದು ಧ್ವನಿಮತವೊಂದೇ. ಸಭಾಧ್ಯಕ್ಷರು ಕಟ್ಟಕಡೆಯ ಬೆಂಚಿನತ್ತ ನೋಡಿ, “ಮಾನ್ಯ ಹಟಗಾರರು ಎರಡೇ ನಿಮಿಷದಲ್ಲಿ ಮುಗಿಸಬೇಕು,” ಎಂದರು.

ಮಹಾರುದ್ರಪ್ಪ ಎದ್ದರು.

“ಮಾನ್ಯ ಅಧ್ಯಕ್ಷರ, ಈ ವಿಧೇಯಕ ನಾ ಒಲ್ಲೆ,” ಎಂದರು. ಸದನ ಕಿವಿಗೊಟ್ಟಿತು. ಗಂಟಲು ಬಿಗಿಯಿತು. “ಆತು, ಒಂದೀಟು…”

ಆಳುವ ಪಕ್ಷದ ಬೆಂಚುಗಳಲ್ಲಿ ನಗು ಎದ್ದಿತು. ಅವರು ಕೈ ಎತ್ತಿ ಸುಮ್ಮನಿರಿಸಿದರು.

“ಒಲ್ಲೆ,” ಎಂದರು ಎರಡನೇ ಸಲ, ಇನ್ನೂ ಜೋರಾಗಿ. “ಆತು, ಒಂದೀಟು…”

ಈ ಸಲ ಎಲ್ಲ ಕಡೆಯಿಂದಲೂ ನಗು ಬಂತು. ಮಹಾರುದ್ರಪ್ಪ ಕಿವಿಯ ಹಿಂದಿನ ಗುಂಡಿ ಕಿತ್ತರು. ಎಲ್ಲರಿಗೂ ಕಾಣುವಂತೆ ಎರಡು ಬೆರಳಲ್ಲಿ ಹಿಡಿದು ತೋರಿಸಿ ಮೇಜಿನ ಅಂಚಿಗೆ ಇಟ್ಟರು. ಆಮೇಲೆ ಬಾಯಿ ತೆರೆದರು. ತುಟಿ ಅಲುಗಿತು, ಬೆವರು ಇಳಿಯಿತು. ಶಬ್ದ ಬರಲಿಲ್ಲ. ನಗು ನಿಂತಿತು. ಗ್ಯಾಲರಿಯಲ್ಲಿ ನೀಲಗಂಗಾ ಮುಂದಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದಿದ್ದಳು. ಹೋಗಿ ಕೈ ಹಿಡಿದು ಕರೆದುಕೊಂಡು ಬರಲೇ ಅನ್ನಿಸಿತು.

ಮಹಾರುದ್ರಪ್ಪ ಮೇಜಿನ ಮೇಲಿದ್ದ ವಿಧೇಯಕದ ಪ್ರತಿಯನ್ನು ನೋಡಿದರು. ಅದನ್ನು ತಾಟಿನ ಹಾಗೆ ಎದುರಿಗೆ ಎಳೆದುಕೊಂಡರು. ಬಾಗಿ, ಅದರ ಮೇಲೆ ಎರಡೂ ಕೈ ಅಡ್ಡ ಹಿಡಿದರು. ತಲೆ ಅಲ್ಲಾಡಿಸಿದರು. ಹಾಗೇ ನಿಂತರು.

ಸದನಕ್ಕೆ ತಿಳಿಯಲು ತುಸು ಹೊತ್ತು ಹಿಡಿಯಿತು. ಆ ಮೌನದಲ್ಲಿ ಚಿಕ್ಕಮರೀಗೌಡರ ದೊಡ್ಡ ಧ್ವನಿ ಮೊದಲು ಕೇಳಿಸಿತು. ಒಂದು ಕಾಲದಲ್ಲಿ ಅವರೂ ಹಟಗಾರರ ಪಡಸಾಲೆಯಲ್ಲಿ ಉಂಡವರೇ.

“ಸಾಕು, ಇಕ್ಬ್ಯಾಡಿ ಅಂತಾವ್ರೆ ಕಣ್ರಯ್ಯಾ!” ಎಂದರು ಗೌಡರು. ಎಂದವರು ತಮ್ಮ ಕಿವಿಯ ಹಿಂದೆ ಕೈ ಹಾಕಿ, ಗುಂಡಿ ಕಿತ್ತು, ಅದನ್ನೊಮ್ಮೆ ಅನುಮಾನದಿಂದ ನೋಡಿದರು. “ನಾನು ಮೊನ್ನೆ ಒಂದೀಟು ಅಂದ್ನಂತೆ. ನನ್ನೆಂಡ್ತಿ ಟೀವೀಲಿ ನೋಡ್ಬುಟ್ಟು ನಗಾಡಿದ್ಲು, ಯಾವೂರ ಮಾತು ಅಂತ.” ಗುಂಡಿಯನ್ನು ಜೇಬಿಗೆ ಹಾಕಿ, ತಮ್ಮ ಮುಂದಿನ ಪ್ರತಿಯ ಮೇಲೆ ಕೈ ಅಡ್ಡ ಹಿಡಿದರು.

ಕಡಲ ಕಡೆಯ ಶಾಸಕ ಆಚೆ ಈಚೆ ನೋಡಿ ಕೈ ಹಿಡಿದ. ಬಸ್ ನಿಲ್ದಾಣದವಳು ಹಿಡಿದಳು. ಎಲ್ಲರೂ ಹಿಡಿದರು ಎಂದರೆ ಸುಳ್ಳಾದೀತು. ಬಹಳ ಜನ ಮೇಲಿನವರ ಮುಖ ನೋಡುತ್ತಾ ಕೂತರು, ಕೆಲವರು ಚಹಕ್ಕೆಂದು ಎದ್ದು ಹೋದರು. ಆದರೂ ಅಲ್ಲೊಂದು ಇಲ್ಲೊಂದು, ಎರಡೂ ಕಡೆಯಿಂದ ಕೈಗಳು ಕಾಗದದ ಮೇಲೆ ಬಂದವು.

ಸಭಾಧ್ಯಕ್ಷರು ಗೊಂದಲಕ್ಕೆ ಬಿದ್ದರು. “ಒಪ್ಪುವವರು ಹೌದು ಎನ್ನಿ,” ಎಂದರು. ಹೌದು ಎಂಬ ಸದ್ದು ಬಂತು, ಆದರೆ ಎಂದಿನ ಹುರುಪಿಲ್ಲದೆ ಬಂತು. “ಒಪ್ಪದವರು ಇಲ್ಲ ಎನ್ನಿ.” ಯಾರೂ ಬಾಯಿ ಬಿಡಲಿಲ್ಲ. ತಮ್ಮ ಬಾಯಿಯ ಮೇಲಿನ ಭರವಸೆ ಅವರಿಗೆ ಅಂದು ಹೋಗಿತ್ತು. ಕೈಗಳು ಮಾತ್ರ ಅಡ್ಡ ನಿಂತೇ ಇದ್ದವು. ಧ್ವನಿಮತದಲ್ಲಿ ಕೈಗಳನ್ನು ಹೇಗೆ ಲೆಕ್ಕ ಹಿಡಿಯಬೇಕು ಎಂದು ಯಾವ ನಿಯಮವೂ ಹೇಳಿರಲಿಲ್ಲ. ಅಧ್ಯಕ್ಷರು ಸದನವನ್ನು ಮುಂದೂಡಿ ಎದ್ದುಹೋದರು. ಮರುದಿನ ವಿಧೇಯಕ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಸತ್ತಿತು ಎನ್ನುವಂತಿಲ್ಲ, ಅಂಥವು ಸಮಿತಿಗಳಲ್ಲಿ ಬಹಳ ಕಾಲ ಉಸಿರಾಡುತ್ತವೆ.

ನೀಲಗಂಗಾ ಸೌಧದ ಮೆಟ್ಟಿಲ ಮೇಲೆ ಪತ್ರಕರ್ತರಿಗೆ ಎಲ್ಲವನ್ನೂ ಹೇಳಿದಳು. ಮೈಕು ತೂಗುಬಿಟ್ಟದ್ದು, ಸಹಿ ಹಾಕಿದ್ದು, ತೂಕ ಏರಿಸಿದ್ದು, ಯಾವುದನ್ನೂ ಬಿಡಲಿಲ್ಲ. ಚಿತ್ಕಲಾ ಪಕ್ಕದಲ್ಲೇ ಇಳಿದು ಹೋಗುವಾಗ ನಿಂತಳು.

“ಇನ್ನೊಂದ್ಸಲ ಯೋಚನೆ ಮಾಡಬಹುದಿತ್ತು,” ಎಂದಳು. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

ನೀಲಗಂಗಾ ಅವಳ ಕಡೆ ತಿರುಗಿದಳು. ಇಬ್ಬರ ನಡುವೆ ಅಂಗೈ ಅಡ್ಡ ಹಿಡಿದಳು.

ಅಂದೇ ಮಹಾರುದ್ರಪ್ಪನವರ ಗುಂಡಿ ನಿಂತಿತು.

*

ಮನೆ ಈಗ ಸದ್ದಿಲ್ಲದ ಮನೆ. ಇಮ್ತಿಯಾಜ್ ಆಗಾಗ ಬಂದು, ಸಣ್ಣ ಗಣಕದಲ್ಲಿ ಹೊಸದಾಗಿ ಶುರುಮಾಡೋಣ ಎನ್ನುತ್ತಿದ್ದ. ಧ್ವನಿಮುದ್ರಣಗಳೆಲ್ಲ ಸೇತುವಿನ ವಶದಲ್ಲಿವೆ, ಹೊಸದಾಗಿ ಕಲಿಸಲು ಅಪ್ಪನ ಮಾತೇ ಇಲ್ಲವಲ್ಲ ಎನ್ನುತ್ತಿದ್ದಳು ನೀಲಗಂಗಾ. ವೈದ್ಯರು ದಿನಾ ಪಾಠ ಮಾಡಿಸಿ, ಬಾಯಿಪಾಠವಾದ ಸಣ್ಣ ಶಬ್ದಗಳು ತಾವಾಗಿ ಮರಳಿ ಬರಬಹುದು ಎಂದಿದ್ದರು. ಅವಳು ದಿನಾ ಬೆಳಿಗ್ಗೆ ಅಪ್ಪನೆದುರು ಕೂತು ಲೋಟ ತೋರಿಸಿ ‘ನೀರು’ ಎನ್ನುತ್ತಿದ್ದಳು, ತನ್ನ ಎದೆ ಮುಟ್ಟಿ ‘ನೀಲವ್ವ’ ಎನ್ನುತ್ತಿದ್ದಳು. ಅವರು ಅವಳ ತುಟಿಗಳನ್ನೇ ನೋಡಿ, ಪ್ರಯತ್ನಪಟ್ಟು, “ಅದು” ಎನ್ನುತ್ತಿದ್ದರು. ಕೆಲವು ದಿನ ಅವಳು ನಗುತ್ತಿದ್ದಳು. ಕೆಲವು ದಿನ ಪಾತ್ರೆ ತೊಳೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಹಿರೇಸಂಕದಿಂದ ನೇಕಾರರು ಬಂದ ದಿನ ಬಸಲಿಂಗವ್ವ ಗೋದಿ ಬೆಲ್ಲದ ಸಿಹಿ ಮಾದಲಿ ಮಾಡಿದ್ದರು. ಬಂದವರೆಲ್ಲ ಸಂಘದ ಸದಸ್ಯರು. ಪಡಸಾಲೆಯಲ್ಲಿ ಸಾಲಾಗಿ ಕೂತರು. ತೊಲೆಯಲ್ಲಿ ಮೈಕು ತೂಗುಬಿಟ್ಟಿದ್ದ ಮೊಳೆ ಇನ್ನೂ ಹಾಗೇ ಇತ್ತು. ಬಸಲಿಂಗವ್ವ ಎಲ್ಲರಿಗೂ ಒತ್ತಾಯ ಮಾಡಿ ಬಡಿಸಿ, ಗಂಡನ ತಾಟಿನ ಮುಂದೆ ಬಂದು ಬಗ್ಗಿದರು.

“ಇನ್ನೊಂದೀಟು ಮಾದಲಿ ಹಾಕ್ತೀನಿ.”

“ಒಲ್ಲೆ,” ಎಂದರು ಮಹಾರುದ್ರಪ್ಪ.

ನೀಲಗಂಗಾಳ ಕೈಯ ತುತ್ತು ಕೈಯಲ್ಲೇ ಉಳಿಯಿತು. ಕಿವಿಯ ಹಿಂದೆ ಗುಂಡಿಯಿರಲಿಲ್ಲ, ಗಂಟಲ ಮೇಲೆ ಪಟ್ಟಿಯಿರಲಿಲ್ಲ. ಆ ಶಬ್ದ ಯಾವ ಗಣಕದಿಂದಲೂ ಬಂದದ್ದಲ್ಲ. ಸಾಲಿನಲ್ಲಿ ಕೂತವರೆಲ್ಲ ಉಣ್ಣುವುದನ್ನು ನಿಲ್ಲಿಸಿ ನೋಡಿದರು. ಮಹಾರುದ್ರಪ್ಪನವರಿಗೂ ಅದು ತಮ್ಮದೇ ಬಾಯಿಂದ ಬಂತೆಂದು ನಂಬಿಕೆಯಾಗದಂತಿತ್ತು. ಅವರು ಮುಖ ಎತ್ತಿ, ಹೆಂಡತಿಯನ್ನು ನೋಡಿ, ರುಚಿ ನೋಡುವವರಂತೆ ಮತ್ತೊಮ್ಮೆ ಅಂದರು, “ಒಲ್ಲೆ.”

ಬಸಲಿಂಗವ್ವ ಗಂಡನ ಬಾಯಿಯನ್ನು ನೋಡಲಿಲ್ಲ, ಕೈಯನ್ನು ನೋಡಿದರು. ಅದು ತೊಡೆಯ ಮೇಲೆ ಆರಾಮಾಗಿ ಮಲಗಿತ್ತು.

ದೊಡ್ಡ ಚಮಚದ ತುಂಬ ಮಾದಲಿ ತೆಗೆದು ತಾಟಿಗೆ ಹಾಕಿದರು.